ಎಸ್‌ಡಬ್ಲ್ಯುಆರ್ ಅಳೆಯಬೇಕಾದ್ದು ಆಂಟೆನಾದ ಬುಡದಲ್ಲಿ

ತಾರಸಿಯ ಮೇಲೆ 145 ಮೆಗಾಹರ್ಟ್ಸ್‌ನ ಗ್ರೌಂಡ್‌ಪ್ಲೇನ್ ಆಂಟೆನಾ (ನೆಟ್ಟಗಿನ ಒಂದು ಕಡ್ಡಿ, ಬುಡದಿಂದ ಸುತ್ತ ಚಾಚಿದ ನಾಲ್ಕು ರೇಡಿಯಲ್), ಕೆಳಗಿನ ಕೋಣೆಯಲ್ಲಿ ರೇಡಿಯೋ, ನಡುವೆ ಸುಮಾರು 17 ಮೀಟರ್ ಆರ್‌ಜಿ-58 ಕೇಬಲ್. ರೇಡಿಯೋ ಬಳಿ ಮೀಟರ್ ಎಸ್‌ಡಬ್ಲ್ಯುಆರ್ 1.7 ತೋರಿಸುತ್ತಿತ್ತು (ಆಂಟೆನಾದಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಎಂದು ಸೂಚಿಸುವ ಅನುಪಾತ; 1 ಅಂದರೆ ಏನೂ ವಾಪಸ್ ಬರುತ್ತಿಲ್ಲ). ಆಂಟೆನಾದ ಬುಡದಲ್ಲಿ ಅಳೆದಾಗ ಬಂದದ್ದು 3.

ಎರಡೂ ಸರಿಯಾದ ಅಳತೆಗಳೇ. ಈ ಕೇಬಲ್‌ನಲ್ಲಿ 3 ಡಿಬಿ ನಷ್ಟವಿದೆ: ಹೋಗುವಾಗ ಅರ್ಧ ಪವರ್ ಕರಗುತ್ತದೆ, ಪ್ರತಿಫಲಿಸಿ ಬರುವಾಗ ಮತ್ತೆ ಅರ್ಧ. ಹೀಗಾಗಿ ಮೇಲೆ 25 ಶೇಕಡಾ ಇದ್ದ ಪ್ರತಿಫಲನ ಕೆಳಗೆ 6 ಶೇಕಡಾದಂತೆ ಕಾಣುತ್ತದೆ. ನಷ್ಟ ತಿಳಿಯಲು ಮೇಲಿನ ತುದಿಯಿಂದ ಆಂಟೆನಾ ಬಿಚ್ಚಿ ಹಾಗೇ ಬಿಟ್ಟೆ; ತೆರೆದ ತುದಿ ಎಲ್ಲವನ್ನೂ ಪ್ರತಿಫಲಿಸುತ್ತದೆ. ಕೆಳಗೆ ರಿಟರ್ನ್ ಲಾಸ್ (ಹೋಗಿ ಬರುವಷ್ಟರಲ್ಲಿ ಸಿಗ್ನಲ್ ಎಷ್ಟು ಕುಗ್ಗಿತು ಎಂಬ ಅಳತೆ) 6 ಡಿಬಿ ಬಂತು. ಅದರ ಅರ್ಧವೇ ಕೇಬಲ್‌ನ ನಷ್ಟ.

ಆಮೇಲೆ ಆಂಟೆನಾ ಅಳೆಯುವ ಪುಟ್ಟ ಉಪಕರಣ ನ್ಯಾನೋವಿಎನ್‌ಎಯನ್ನೇ ಮೇಲಕ್ಕೆ ಒಯ್ದೆ. ಜೊತೆಗೆ 2 ಮೀಟರ್ ಕೇಬಲ್, ಅದರ ಆಂಟೆನಾ ತುದಿಯಲ್ಲಿ ಐದು ಕ್ಲಿಪ್ ಫೆರೈಟ್ (ಶೀಲ್ಡಿನ ಹೊರಮೈಯಲ್ಲಿ ಹರಿಯುವ ಕರೆಂಟನ್ನು ತಡೆಯುವ ತುಂಡುಗಳು). ಮೊದಲು 140ರಿಂದ 150 ಮೆಗಾಹರ್ಟ್ಸ್ ವ್ಯಾಪ್ತಿ ಕೊಟ್ಟು, ಹಳೆಯ ಕ್ಯಾಲಿಬ್ರೇಷನ್ ರಿಸೆಟ್ ಮಾಡಿ, ಈ ಕೇಬಲ್‌ನ ತುದಿಯಲ್ಲೇ ಓಪನ್ (ತೆರೆದ ತುದಿ), ಶಾರ್ಟ್, ಲೋಡ್ (50 ಓಮ್) ಎಂಬ ಮೂರು ಕ್ಯಾಲಿಬ್ರೇಷನ್ ಹಂತ ಮುಗಿಸಿದೆ. ಉಪಕರಣದ ಬಾಯಲ್ಲಿ ಕ್ಯಾಲಿಬ್ರೇಟ್ ಮಾಡಿದರೆ ಕೇಬಲ್ಲೂ ಅಳತೆಯೊಳಗೆ ಸೇರುತ್ತದೆ. ಕೇಬಲ್ ತುದಿಯಲ್ಲಿ ಪಿಎಲ್-259 ಪ್ಲಗ್ ಇದ್ದುದರಿಂದ ಮೂರು ಎಸ್‌ಒ-239 ಸಾಕೆಟ್ ತೆಗೆದುಕೊಂಡೆ: ಒಂದು ಖಾಲಿ, ಇನ್ನೊಂದರ ನಡುಪಿನ್ನನ್ನು ತಾಮ್ರದ ತಗಡಿನಿಂದ ಬಾಡಿಗೆ ಬೆಸೆದದ್ದು, ಮೂರನೆಯದಕ್ಕೆ ಪಿನ್ನಿನ ಎರಡು ಬದಿ 100 ಓಮ್‌ನ ಎರಡು ಎಸ್‌ಎಂಡಿ (ಕಾಲಿಲ್ಲದ ಪುಟ್ಟ) ರೆಸಿಸ್ಟರ್. ಉದ್ದ ಕಾಲಿನ ರೆಸಿಸ್ಟರ್ ಬೇಡ, ಆ ಕಾಲುಗಳೇ ಇಂಡಕ್ಟನ್ಸ್ ಆಗುತ್ತವೆ.

ಆಂಟೆನಾ ಜೋಡಿಸುವ ಮುನ್ನ ಅದರ ಪಿನ್ ಮತ್ತು ಬಾಡಿಯನ್ನು ಒಮ್ಮೆ ಶಾರ್ಟ್ ಮಾಡಿ. ಒಣಗಾಳಿಯಲ್ಲಿ ಸೇರಿಕೊಂಡ ಸ್ಟಾಟಿಕ್ ನ್ಯಾನೋವಿಎನ್‌ಎಯನ್ನು ಸುಟ್ಟುಬಿಡಬಹುದು.

51 ಸೆಂ.ಮೀ. ಕಡ್ಡಿಗೆ ತಗ್ಗು (ಎಸ್‌ಡಬ್ಲ್ಯುಆರ್ ಅತಿ ಕಡಿಮೆ ಇರುವ ಜಾಗ) 140.6 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿತು. 51 × 140.6 ÷ 145 ಅಂದರೆ 49.5 ಸೆಂ.ಮೀ. ಒಂದು ಮಿಲಿಮೀಟರ್‌ಗೆ ಸುಮಾರು 0.3 ಮೆಗಾಹರ್ಟ್ಸ್ ಸರಿಯುತ್ತದೆ, ಆದ್ದರಿಂದ ಕೊನೆಯ ಅರ್ಧ ಸೆಂಟಿಮೀಟರನ್ನು ಅರದಿಂದ ಉಜ್ಜಿದೆ. ತಗ್ಗು ಜಾಗಕ್ಕೆ ಬಂದರೂ ಎಸ್‌ಡಬ್ಲ್ಯುಆರ್ 1.4ಕ್ಕೇ ನಿಂತಿತು. ಎಕ್ಸ್ (ರಿಯಾಕ್ಟನ್ಸ್) ಸೊನ್ನೆ, ಆರ್ (ರೆಸಿಸ್ಟನ್ಸ್) 36 ಓಮ್, ಬೇಕಾದ್ದು 50: ಇಲ್ಲಿ ಕಡ್ಡಿ ಕತ್ತರಿಸಿ ಪ್ರಯೋಜನವಿಲ್ಲ. ನಾಲ್ಕೂ ರೇಡಿಯಲ್‌ಗಳನ್ನು 45 ಡಿಗ್ರಿ ಕೆಳಕ್ಕೆ ಬಗ್ಗಿಸಿದಾಗ ಆರ್ 50ರ ಹತ್ತಿರ ಬಂತು, ಎಸ್‌ಡಬ್ಲ್ಯುಆರ್ 1.2ಕ್ಕಿಂತ ಕೆಳಗಿಳಿಯಿತು. ಬಗ್ಗಿಸಿದಾಗ ತಗ್ಗು ಸ್ವಲ್ಪ ಜರುಗುತ್ತದೆ, ಮತ್ತೊಮ್ಮೆ ನೋಡಲೇಬೇಕು.

ಕೊನೆಗೆ ಕೇಬಲನ್ನು ಮುಷ್ಟಿಯಲ್ಲಿ ಹಿಡಿದು ನೋಡಿದೆ. ಅಂಕಿ ಅಲುಗಲಿಲ್ಲ. ಫೆರೈಟ್ ತೆಗೆದರೆ ಅಲುಗುತ್ತದೆ, ಏಕೆಂದರೆ ಆಗ ಶೀಲ್ಡಿನ ಹೊರಮೈಯೂ ಆಂಟೆನಾದ ಭಾಗವಾಗಿರುತ್ತದೆ.

ಕೇಬಲ್‌ನ 3 ಡಿಬಿ ಮಾತ್ರ ಹಾಗೇ ಉಳಿದಿದೆ: 5 ವಾಟ್ ಕಳಿಸಿದರೆ ಮೇಲೆ ತಲುಪುವುದು ಎರಡೂವರೆ. ಅದೇ ಉದ್ದದ ಎಲ್‌ಎಂಆರ್-400 ಎಂಬ ದಪ್ಪ ಕೇಬಲ್ ಹಾಕಿದರೆ ನಷ್ಟ 1 ಡಿಬಿಯೊಳಗೆ ಬರುತ್ತದೆ.