ಗೋಡೆಯ ಮೇಲಿನ ನೀರಿನ ಗೆರೆ

2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಫ್ಲೋರಿಡಾದ ಕಾಯೊ ಕೋಸ್ಟಾ ಹತ್ತಿರ ದಡ ಮುಟ್ಟಿತು. ಗಾಳಿಯ ವೇಗ ಗಂಟೆಗೆ ಸುಮಾರು 240 ಕಿ.ಮೀ. ಬಿರುಗಾಳಿ ದಾಟಿದ ಮೇಲೆ ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ ವಿಮಾನಗಳು ಕರಾವಳಿಯ ಫೋಟೊ ತೆಗೆದವು. ಅವನ್ನು ನೋಡಿ ಫೋರ್ಟ್ ಮೈಯರ್ಸ್ ಬೀಚ್‌ನ ಒಂದೊಂದು ಮನೆಗೂ ಹಾನಿಯ ದರ್ಜೆ ಹಾಕುವುದು ನನ್ನ ಕೆಲಸವಾಗಿತ್ತು.

ಎಡಕ್ಕೆ ಹಳೆಯ ಫೋಟೊ, ಬಲಕ್ಕೆ ಹೊಸದು. ದರ್ಜೆ ನಾಲ್ಕೇ: ಹಾನಿ ಇಲ್ಲ, ಸ್ವಲ್ಪ, ಜಾಸ್ತಿ, ಪೂರ್ತಿ ನಾಶ. ಕಡಲಿಗೆ ಅಂಟಿದ ಸಾಲಿನಲ್ಲಿ ಗೊಂದಲವೇ ಇರಲಿಲ್ಲ. ಮನೆ ಇದ್ದ ಕಡೆ ಬರೀ ಕಾಂಕ್ರೀಟ್ ತಳ. ನೋಡಿ ಸಂಕಟವಾಗುತ್ತಿತ್ತು.

ನಾನು ಎಡವಿದ್ದು ಒಳಗಿನ ಬೀದಿಗಳಲ್ಲಿ. ಚಾವಣಿ ನೆಟ್ಟಗಿತ್ತು, ಒಂದೆರಡು ಹೆಂಚು ಹಾರಿದ್ದವು ಅಷ್ಟೆ. ‘ಸ್ವಲ್ಪ’ ಅಂತ ಬರೆಯುತ್ತಾ ಹೋದೆ. ಆಮೇಲೆ ಅಲ್ಲಿಗೇ ಹೋಗಿ ಬಾಗಿಲು ದೂಡಿದಾಗ ಎದೆ ಧಸಕ್ಕೆಂದಿತು. ಗೋಡೆಯ ಮೇಲೆ ನನ್ನ ತಲೆಗಿಂತ ಎತ್ತರದಲ್ಲಿ ಕೆಸರಿನ ಗೆರೆ. ಸೋಫಾ, ಹಾಸಿಗೆ, ಫ್ರಿಜ್ ಎಲ್ಲ ಒಂದೇ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಗಾಳಿ ತಳ್ಳಿ ತಂದ ಕಡಲ ನೀರು, ಅಂದರೆ ಸ್ಟಾರ್ಮ್ ಸರ್ಜ್, ಊರಿನ ಕಡಲಂಚಿನಲ್ಲಿ ನೆಲದಿಂದ 10ರಿಂದ 15 ಅಡಿ ಏರಿತ್ತು. ಮೇಲಿನಿಂದ ತೆಗೆದ ಫೋಟೊಗೆ ಚಾವಣಿಯ ಕೆಳಗೆ ಆದದ್ದು ಹೇಗೆ ಕಾಣಬೇಕು, ಅಲ್ವಾ?

ಅಂದಿನಿಂದ ಗೆರೆ ಹುಡುಕುವುದೇ ಮೊದಲ ಕೆಲಸವಾಯಿತು. ಹೊರಗಿನ ಗೋಡೆಯನ್ನು ನಂಬುವುದು ಕಷ್ಟ, ಅಲೆ ಎಗರಿ ಗುರುತು ಮೇಲಕ್ಕೆ ಹೋಗಿರುತ್ತದೆ. ಮನೆಯೊಳಗೆ ನೀರು ಸುಮ್ನೆ ನಿಂತಿರುತ್ತದೆ. ಸಣ್ಣ ಬೀಜ, ಹುಲ್ಲಿನ ಚೂರು ಅಂಟಿ ದಾರ ಎಳೆದ ಹಾಗೆ ಗೆರೆ ಬಿದ್ದಿರುತ್ತದೆ. ಬಚ್ಚಲುಮನೆ, ಬಟ್ಟೆಯ ಕಪಾಟಿನಂಥ ಇಕ್ಕಟ್ಟು ಜಾಗ ಇನ್ನೂ ಒಳ್ಳೆಯದು. ಬೇಗ ಹೋಗಬೇಕು. ಮನೆಯವರು ಬೂಸ್ಟು ಹಿಡಿಯದಿರಲಿ ಎಂದು ಗೋಡೆ ತೊಳೆಯುತ್ತಾರೆ, ಹಲಗೆ ಕೀಳುತ್ತಾರೆ. ಅವರು ಮಾಡುವುದು ಸರಿಯೇ.

ಗೆರೆಯ ಎತ್ತರವನ್ನು ಸಮುದ್ರಮಟ್ಟಕ್ಕೆ ಹೋಲಿಸಿ ಜಿಪಿಎಸ್‌ನಲ್ಲಿ ಅಳೆದೆವು. ಅದರಲ್ಲಿ ನೆಲದ ಎತ್ತರ ಕಳೆದರೆ ಅಕ್ಕಪಕ್ಕದ ಮನೆಗಳಲ್ಲಿ ಎಷ್ಟು ನೀರು ನಿಂತಿತ್ತೆಂದು ತಿಳಿಯುತ್ತದೆ. ಮುನ್ಸೂಚನೆಯ ಮಾಡೆಲ್ ಹೇಳಿದ ನೀರಿನ ಮಟ್ಟ ಸರಿಯಿತ್ತೇ ಎಂದು ನೋಡಲೂ ಇಂಥ ಗೆರೆಗಳೇ ಬೇಕು. ಟಿವಿಯಲ್ಲಿ ತೋರಿಸುವ ‘ಕೋನ್’, ಅಂದರೆ ನಕ್ಷೆಯ ಮೇಲೆ ಮುಂದೆ ಹೋದಂತೆ ಅಗಲವಾಗುವ ಪಟ್ಟಿ, ಬಿರುಗಾಳಿಯ ನಡುಭಾಗ ಎಲ್ಲಿಗೆ ಹೋಗಬಹುದು ಎಂದಷ್ಟೇ ಹೇಳುತ್ತದೆ. ನೀರಿನ ಬಗ್ಗೆ ಅದರಲ್ಲಿ ಏನೂ ಇಲ್ಲ.

ವಾಪಸ್ ಬಂದು ನಾನು ‘ಸ್ವಲ್ಪ’ ಎಂದು ಬರೆದಿದ್ದ ಮನೆಗಳನ್ನೆಲ್ಲ ಮತ್ತೆ ತೆರೆದೆ. ಈ ಸಲ ಫೋಟೊಗಿಂತ ಮೊದಲು ನೀರಿನ ಆಳ ನೋಡಿದೆ.