ಉದ್ಯಮಶೀಲತೆ ಪಾಠಕ್ಕೆ ಪಿಪಿಟಿ ಬಿಟ್ಟು ಗೂಗಲ್ ಶೀಟ್ ಹಿಡಿದ ಅನುಭವ

ಬಿಕಾಂ ಕೊನೇ ವರ್ಷದ ಉದ್ಯಮಶೀಲತೆ ಪ್ರಾಜೆಕ್ಟ್ ಅಂದರೆ ಸಾಮಾನ್ಯವಾಗಿ ಒಂದು ಪಿಪಿಟಿ. ಪಾಠ ಹೇಳುವ ನಾವು ಅದನ್ನು ಕೈಬಿಟ್ಟೆವು. ನಾಲ್ವರ ತಂಡ ಸೆಮಿಸ್ಟರ್ ಪೂರ್ತಿ ನಿಜವಾಗಿ ಮಾರಬೇಕು, ಪ್ರತಿ ಆರ್ಡರ್ ಗೂಗಲ್ ಶೀಟ್ ಸೇರಬೇಕು. ಅಂಕ ಲಾಭಕ್ಕಲ್ಲ, ಶೀಟಿಗೆ.

ಮೊದಲು ಗೂಗಲ್ ಫಾರ್ಮ್. "ಜೋಳದ ರೊಟ್ಟಿ ಮನೆಗೇ ತಂದುಕೊಟ್ಟರೆ ಕೊಳ್ಳುತ್ತೀರಾ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ಕಳೆದ ವಾರ ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ?" ಎಂದು ಕೇಳಿದರೆ ನಿಜ ಹೊರಬರುತ್ತದೆ. ಆಮೇಲೆ ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್, ಯುಪಿಐ. ಹಣಕ್ಕೆ ಬೇರೆಯದೇ ಖಾತೆ ಇರಲಿ. ಮನೆಯ ವ್ಯವಹಾರ ಬೆರೆತರೆ ಬ್ಯಾಂಕ್ ಸ್ಟೇಟ್‌ಮೆಂಟಿಗೂ ಶೀಟಿಗೂ ತಾಳೆಯಾಗದು. ಆಹಾರ ಪದಾರ್ಥವಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಆಗದೆ ಮಾರಾಟ ಬೇಡ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಉಚಿತ, ದುಡ್ಡು ಕೇಳುವ ತಾಣಗಳನ್ನು ದೂರವಿಡಿ.

ಶೀಟ್ ತೆರೆದೊಡನೆ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ಯಾವ ದೇಶದ ಪದ್ಧತಿ ಎಂಬ ಆಯ್ಕೆ) 'ಇಂಡಿಯಾ' ಮಾಡಿಸಿ. ಅದು ಅಮೆರಿಕ ಎಂದಿದ್ದರೆ 05/06 ಎಂಬುದು ಮೇ 6 ಆಗುತ್ತದೆ, 13/06 ದಿನಾಂಕವೇ ಆಗದೆ ಬರಿ ಅಕ್ಷರವಾಗಿ ಉಳಿಯುತ್ತದೆ. ತಿಂಗಳವಾರು ಮೊತ್ತ ಕೂಡಿಸಿ ತೋರಿಸುವ ಪಿವೋಟ್ ಟೇಬಲ್ ಕೆಡುವುದು ಇಲ್ಲೇ. ಊರು, ಸರಕು, ಪಾವತಿ ಕಾಲಂಗಳಿಗೆ ಡ್ರಾಪ್‌ಡೌನ್ ಹಾಕಿ. ಇಲ್ಲದಿದ್ದರೆ 'ಹುಬ್ಬಳ್ಳಿ', 'ಹುಬ್ಳಿ' ಎರಡು ಊರಾಗುತ್ತವೆ.

ನಿಜವಾದ ಪಾಠ ಲೆಕ್ಕದಲ್ಲಿದೆ. ಹತ್ತು ರೊಟ್ಟಿಯ ಪ್ಯಾಕೆಟ್ ಅಂದುಕೊಳ್ಳಿ: ಮಾಡುವವರಿಗೆ ₹50, ಪ್ಯಾಕಿಂಗ್ ₹6, ಮಾರುವ ಬೆಲೆ ₹80. ಉಳಿಯುವುದು ₹24. ತಿಂಗಳ ಸ್ಥಿರ ಖರ್ಚು ₹1,200 ಇದ್ದರೆ 50 ಪ್ಯಾಕೆಟ್ಟಿಗೆ ಸರಿದೂಗುತ್ತದೆ. 'ಡೆಲಿವರಿ ಫ್ರೀ' ಅಂದು ₹15 ತಾವೇ ಹೊತ್ತರೆ ಉಳಿಯುವುದು ₹9, ಆಗ 134 ಪ್ಯಾಕೆಟ್ ಬೇಕು! ಪುಸ್ತಕದ ಬ್ರೇಕ್ ಈವನ್ (ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಹಂತದ) ಸೂತ್ರ ತಲೆಗೆ ಹತ್ತುವುದು ಶೀಟಿನಲ್ಲಿ ಈ ಒಂದು ಅಂಕಿ ಬದಲಿಸಿದಾಗಲೇ.

ಈ ಹುಡುಗರಲ್ಲಿ ಬಹುತೇಕರು ಸ್ವಂತ ಉದ್ಯಮಕ್ಕೆ ಇಳಿಯುವುದಿಲ್ಲ, ಕೆಲಸ ಹುಡುಕುತ್ತಾರೆ. ಅದಕ್ಕೂ ಇದೇ ಶೀಟ್ ಆಧಾರ. ರೆಸ್ಯೂಮೆಯಲ್ಲಿ 'ಎಕ್ಸೆಲ್ ಗೊತ್ತು' ಎಂಬ ಸಾಲಿನ ಜಾಗದಲ್ಲಿ 'ಯುಪಿಐ ಜಮೆಯನ್ನು ಆರ್ಡರ್‌ಗಳೊಂದಿಗೆ ವಾರವಾರ ತಾಳೆ ಮಾಡಿದ್ದೇನೆ' ಎಂದು ಬರೆಸುತ್ತೇವೆ, ಜೊತೆಗೆ ಶೀಟಿನ ಲಿಂಕ್. ಅಕೌಂಟ್ಸ್, ಇ-ಕಾಮರ್ಸ್ ಸಂದರ್ಶನಗಳಲ್ಲಿ ಮಾತಾಡಲು ಕೈಯಲ್ಲೊಂದು ಸರಕು ಇದ್ದಂತಾಗುತ್ತದೆ. ಲಿಂಕ್ ಕೊಡುವ ಮುಂಚೆ ಗ್ರಾಹಕರ ಫೋನ್ ನಂಬರ್ ತೆಗೆಯಲೇಬೇಕು. ಕಾಲಂ ಮರೆಮಾಡಿದರೆ ಸಾಲದು, ಶೀಟನ್ನು ಕಾಪಿ ಮಾಡಿಕೊಂಡವರು ಅದನ್ನು ತೆರೆದು ನೋಡಬಹುದು. ಬೇರೆ ಪ್ರತಿ ಮಾಡಿ, ಅದರಲ್ಲಿ ಕಾಲಂ ಅಳಿಸಿ, ಆ ಪ್ರತಿಯ ಲಿಂಕನ್ನೇ ಕೊಡಿಸಿ.