ಫ್ರಿಂಜ್‌ನಲ್ಲಿ ನಿಂತ ಚೆಂಡಿಗೆ ನಾನು ಪಟರ್ ಹಿಡಿಯುವುದು ಯಾಕೆ, ಹೇಗೆ

ಆನ್‌ಲೈನ್ ಗಾಲ್ಫ್‌ನಲ್ಲಿ ಚೆಂಡು ಗ್ರೀನ್‌ನಿಂದ (ಹೋಲ್ ಸುತ್ತಲಿನ ನುಣುಪು ಹುಲ್ಲಿನ ಜಾಗ) ಎರಡಡಿ ಆಚೆ, ಅಂದರೆ ಫ್ರಿಂಜ್‌ನಲ್ಲಿ, ನಿಂತರೆ ಸಾಕು, ಆಟವೇ ವೆಜ್ ಕೈಗೆ ಕೊಡುತ್ತದೆ. ವೆಜ್ ಅಂದರೆ ಚೆಂಡನ್ನು ಎತ್ತಿ ಹಾರಿಸುವ ಕೋಲು. ಬಹಳ ಜನ ಅದನ್ನೇ ಸುಮ್ನೆ ಒಪ್ಪಿಕೊಂಡು ಚಿಪ್ ಮಾಡುತ್ತಾರೆ. ನೋಡಲು ಚೆನ್ನಾಗಿರುತ್ತದೆ ನಿಜ. ಚೆಂಡು ಹಾರುತ್ತದೆ, ಬೀಳುತ್ತದೆ, ಉರುಳುತ್ತದೆ. ಆಮೇಲೆ ಹೋಲ್‌ನಿಂದ ಎಂಟಡಿ ಆಚೆ ಹೋಗಿ ನಿಲ್ಲುತ್ತದೆ. ನಾನು ಅಲ್ಲಿ ಕ್ಲಬ್ ಬದಲಾಯಿಸಿ, ಚೆಂಡನ್ನು ನೆಲದ ಮೇಲೇ ಉರುಳಿಸುವ ಪಟರ್ ತೆಗೆದುಕೊಳ್ಳುತ್ತೇನೆ. ನೋಡಲು ಸಪ್ಪೆ. ಆದರೆ ಪಾರ್, ಅಂದರೆ ಆ ಹೋಲ್‌ಗೆ ಗೊತ್ತುಮಾಡಿದ ಹೊಡೆತಗಳ ಲೆಕ್ಕ, ಉಳಿಯುತ್ತದೆ.

ನಾನಿರುವುದು ಬಂಗಾರಪೇಟೆಯಲ್ಲಿ, ಕೆಲಸ ಬೆಂಗಳೂರಿನಲ್ಲಿ. ದಿನಾ ರೈಲು. ಸೀಟು ಸಿಕ್ಕಿದರೆ ಫೋನಿನಲ್ಲಿ ಒಂಬತ್ತು ಹೋಲ್ ಆಡುತ್ತೇನೆ. ನಮ್ಮ ಕೋಲಾರ ಜಿಲ್ಲೆಗೆ ಗಾಲ್ಫ್ ಹೊಸದೇನಲ್ಲ. ಕೆಜಿಎಫ್‌ನಲ್ಲಿ ಚಿನ್ನದ ಗಣಿ ನಡೆಸುತ್ತಿದ್ದ ಬ್ರಿಟಿಷರು ಆಡಿದ ಮೈದಾನವೇ ಇದೆ. ಗಣಿ 2001ರಲ್ಲಿ ಮುಚ್ಚಿತು, ಆಟದ ನೆನಪು ಊರಲ್ಲಿ ಉಳಿದಿದೆ. ನಾನು ಮಾತ್ರ ನಿಜವಾದ ಗಾಲ್ಫ್ ಕೋಲು ಕೈಯಲ್ಲಿ ಹಿಡಿದವನಲ್ಲ. ಇಲ್ಲಿ ಬರೆದಿರುವುದೆಲ್ಲ ಪರದೆಯ ಮೇಲಿನ ಅನುಭವ.

ಗ್ರೀನ್ ಮೇಲಿನ ಹುಲ್ಲನ್ನು ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಅದರ ಸುತ್ತ ಸ್ವಲ್ಪ ಉದ್ದ ಹುಲ್ಲಿನ ಒಂದು ಪಟ್ಟಿ ಬಿಡುತ್ತಾರೆ. ಅದೇ ಫ್ರಿಂಜ್. ಗೋಲಿಯನ್ನು ನುಣುಪಾದ ನೆಲದ ಮೇಲೆ ಉರುಳಿಸುವ ಮೊದಲು ಕಾಲೊರಸಿನ ಮೇಲೆ ದಾಟಿಸಬೇಕು ಅಂದುಕೊಳ್ಳಿ. ಕಾಲೊರಸು ಎಷ್ಟು ವೇಗ ತಿನ್ನುತ್ತದೆ ಅನ್ನುವುದೇ ಇಲ್ಲಿರುವ ಪ್ರಶ್ನೆ. ಅಮೆರಿಕದಲ್ಲಿ ಗ್ರೀನ್ ಹೊರಗಿನಿಂದ ಪಟರ್‌ನಲ್ಲಿ ಹೊಡೆಯುವುದನ್ನು ಟೆಕ್ಸಸ್ ವೆಜ್ ಅಂತಾರೆ. ಟೆಕ್ಸಸ್‌ನಲ್ಲಿ ಒಣ ನೆಲ, ಗಾಳಿ ಜಾಸ್ತಿ, ಚೆಂಡನ್ನು ಮೇಲೆ ಹಾರಿಸುವುದಕ್ಕಿಂತ ನೆಲದ ಮೇಲೆ ಉರುಳಿಸುವುದೇ ವಾಸಿ. ನಮ್ಮ ಕಡೆ ಬೇಸಿಗೆಯ ನೆಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ದೂರ. ನಾನು ಆಡುವ ಆಟದಲ್ಲಿ ವೆಜ್ ಹಿಡಿದಿದ್ದರೆ ದೂರ ಗಜದಲ್ಲಿ ಕಾಣುತ್ತದೆ, ಪಟರ್ ಹಿಡಿದರೆ ಅಡಿಯಲ್ಲಿ. 11 ಗಜ ಅಂತ ತೋರಿಸಿದರೆ ಅದು ಮೂವತ್ತೆರಡು ಅಡಿಯೂ ಇರಬಹುದು, ಮೂವತ್ತನಾಲ್ಕೂ ಇರಬಹುದು. ಪಟ್ಟಿಂಗ್‌ನಲ್ಲಿ ಎರಡಡಿ ಸಣ್ಣದಲ್ಲ ಅಲ್ವಾ? ಹಾಗಾಗಿ ಪಟರ್‌ಗೆ ಬದಲಾಯಿಸಿದ ಮೇಲೆಯೇ ಲೆಕ್ಕ ಶುರು ಮಾಡುತ್ತೇನೆ.

ಆಟ ಒಟ್ಟು ದೂರ ಮಾತ್ರ ಹೇಳುತ್ತದೆ. ಅದರಲ್ಲಿ ಫ್ರಿಂಜ್ ಎಷ್ಟು, ಗ್ರೀನ್ ಎಷ್ಟು ಅಂತ ಬೇರೆ ಮಾಡಿ ಹೇಳುವುದಿಲ್ಲ. ಅದಕ್ಕೆ ಗುರಿಯ ಗುರುತನ್ನು ಹಿಂದಕ್ಕೆಳೆದು, ಹುಲ್ಲಿನ ಬಣ್ಣ ಬದಲಾಗುವ ಗೆರೆಯ ಮೇಲೆ ಇಡುತ್ತೇನೆ. ಅಲ್ಲಿಗೆ ಎಷ್ಟು ಅಂತ ತೋರಿಸುತ್ತದಲ್ಲ, ಅದು ಫ್ರಿಂಜ್. ಇದನ್ನು ಪಿನ್ (ಹೋಲ್‌ನಲ್ಲಿ ನೆಟ್ಟ ಬಾವುಟದ ಕೋಲು) ಕಡೆಗಿನ ಗೆರೆಯಲ್ಲೇ ಅಳೆಯಬೇಕು. ಚೆಂಡಿನಿಂದ ಗ್ರೀನ್‌ಗೆ ಹತ್ತಿರದ ದಾರಿ ಎರಡೇ ಅಡಿ ಇರಬಹುದು. ಪಿನ್ ಓರೆಯಲ್ಲಿದ್ದರೆ ಚೆಂಡು ಆರಡಿ ಫ್ರಿಂಜ್ ಮೇಲೇ ಉರುಳುತ್ತದೆ. "ಎರಡಡಿ ತಾನೇ" ಅಂತ ಹೊಡೆದ ಪಟ್‌ಗಳೇ ಅರ್ಧ ದಾರಿಯಲ್ಲಿ ನಿಲ್ಲುವುದು.

ಈಗ ಒಂದು ಪಟ್ ತೆಗೆದುಕೊಳ್ಳೋಣ. ಒಟ್ಟು 34 ಅಡಿ. ಅದರಲ್ಲಿ ಫ್ರಿಂಜ್ 6, ಗ್ರೀನ್ 28. ಹೋಲ್ ಚೆಂಡಿಗಿಂತ 4 ಇಂಚು ಎತ್ತರದಲ್ಲಿದೆ. ನನ್ನ ಆಟದಲ್ಲಿ ಒಂದಡಿ ಫ್ರಿಂಜ್ ಅಂದರೆ ಒಂದೂವರೆ ಅಡಿ ಗ್ರೀನ್‌ಗೆ ಸಮ. ಅಲ್ಲಿಗೆ 6 ಅಡಿ 9 ಆಯ್ತು. ಏರು ಇದ್ದರೆ ಪ್ರತಿ ಇಂಚಿಗೆ ಒಂದಡಿ ಸೇರಿಸುತ್ತೇನೆ, ಅದು 4. ಒಂಬತ್ತು, ಇಪ್ಪತ್ತೆಂಟು, ನಾಲ್ಕು ಸೇರಿ 41. ಚೆಂಡು ಹೋಲ್ ತನಕ ತಲುಪಲೇಬೇಕು ಅಂತ ಇನ್ನೊಂದಡಿ. 42. ಪಟರ್‌ನ ಪವರ್ ಪಟ್ಟಿಯ ಪೂರ್ತಿ ಉದ್ದವನ್ನು 60 ಅಡಿಗೆ ಇಟ್ಟರೆ 42 ಅಂದರೆ ಸರಿಯಾಗಿ ನೂರಕ್ಕೆ 70. ಬೆರಳು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಯ್ತು. ಇಳಿಜಾರಾದರೆ ಇಂಚಿಗೆ ಒಂದಡಿ ಕಳೆಯುವುದು, ಅಷ್ಟೇ.

ಈ ಇಂಚಿಗೆ ಒಂದಡಿ ಅನ್ನುವುದು ನಾನು ಗಾಳಿಯಲ್ಲಿ ಹಿಡಿದ ಸಂಖ್ಯೆ ಅಲ್ಲ. ಗ್ರೀನ್ ಎಷ್ಟು ವೇಗ ಅಂತ ಅಳೆಯಲು ಸ್ಟಿಂಪ್‌ಮೀಟರ್ ಅಂತ ಒಂದು ಸಾಧನ ಇದೆ. 1935ರಲ್ಲಿ ಎಡ್ವರ್ಡ್ ಸ್ಟಿಂಪ್ಸನ್ ಅನ್ನುವವರು ಮಾಡಿದ್ದು. ಮೂರಡಿ ಉದ್ದದ, ಮಧ್ಯೆ ಕಾಲುವೆಯಂಥ ಗೀರು ಇರುವ ಪಟ್ಟಿ. ಅದರ ಮೇಲೆ ಚೆಂಡಿಟ್ಟು ಒಂದು ತುದಿ ಎತ್ತಿದರೆ ಚೆಂಡು ಯಾವಾಗಲೂ ಒಂದೇ ವೇಗದಲ್ಲಿ ಇಳಿಯುತ್ತದೆ. ಸಮತಟ್ಟಾದ ಗ್ರೀನ್ ಮೇಲೆ ಅದು ಎಷ್ಟು ಅಡಿ ಉರುಳುತ್ತದೋ ಅದೇ ಗ್ರೀನ್‌ನ ವೇಗ. ಆಟಗಳಲ್ಲಿ ಗ್ರೀನ್ ವೇಗ 10, 12 ಅಂತ ಬರೆದಿರುವುದು ಇದನ್ನೇ. ಭೌತಶಾಸ್ತ್ರದ ಲೆಕ್ಕ ಹಾಕಿದರೆ ವೇಗ 10 ಇರುವ ಗ್ರೀನ್‌ನಲ್ಲಿ ಒಂದು ಇಂಚು ಏರು ಹೆಚ್ಚುಕಡಿಮೆ ಒಂದಡಿ ಉರುಳನ್ನು ತಿನ್ನುತ್ತದೆ. ವೇಗ 12 ಆದರೆ ಒಂದೂಕಾಲು ಅಡಿಗೂ ಸ್ವಲ್ಪ ಜಾಸ್ತಿ. ಅಂದರೆ ವೇಗದ ಗ್ರೀನ್‌ನಲ್ಲಿ ಏರಿಗೂ ಇಳಿತಕ್ಕೂ ಬೆಲೆ ಜಾಸ್ತಿ. ಇಳಿತದಲ್ಲಿ ಇದನ್ನು ಮರೆತರೆ ಚೆಂಡು ಆ ಕಡೆಯ ಫ್ರಿಂಜ್‌ಗೆ ಹೋಗಿ ಕೂರುತ್ತದೆ.

ದಿಕ್ಕಿನ ವಿಷಯ ಇಷ್ಟು ತಲೆನೋವಿಲ್ಲ. ಚೆಂಡು ಹೊರಟಾಗ ವೇಗವಾಗಿರುತ್ತದೆ, ಫ್ರಿಂಜ್ ಮೇಲೆ ಅದು ಅಷ್ಟೇನೂ ವಾಲುವುದಿಲ್ಲ. ವಾಲುವುದೆಲ್ಲ ಕೊನೆಯಲ್ಲಿ, ವೇಗ ಇಳಿದ ಮೇಲೆ. ಅದಕ್ಕೆ ಗ್ರಿಡ್‌ನಲ್ಲಿ ಹರಿಯುವ, ನೆಲ ಯಾವ ಕಡೆ ವಾಲಿದೆ ಅಂತ ತೋರಿಸುವ ಚುಕ್ಕಿಗಳನ್ನು ನಾನು ಹೋಲ್ ಹತ್ತಿರದ ಹತ್ತಡಿಯಲ್ಲಿ ಮಾತ್ರ ನೋಡುತ್ತೇನೆ. ಅಲ್ಲಿ ಚುಕ್ಕಿ ಓಡುತ್ತಿದ್ದರೆ ಗುರಿಯನ್ನು ಚೆನ್ನಾಗಿಯೇ ಸರಿಸಬೇಕು. ತೆವಳುತ್ತಿದ್ದರೆ ಹೋಲ್‌ನ ಅಂಚು ಸಾಕು.

ಒಂದಡಿ ಜಾಸ್ತಿ ಹೊಡೆಯುವ ಧೈರ್ಯ ಎಲ್ಲಿಂದ ಅಂದರೆ, ಪಿನ್‌ನಿಂದ. ನಿಯಮದ ಪ್ರಕಾರ ಫ್ರಿಂಜ್ ಗ್ರೀನ್‌ಗೆ ಸೇರಿದ್ದಲ್ಲ. ಮೊದಲು ಗ್ರೀನ್ ಮೇಲಿಂದ ಪಟ್ ಮಾಡಿದ ಚೆಂಡು ಹೋಲ್‌ನಲ್ಲಿ ನಿಂತಿರುವ ಪಿನ್‌ಗೆ ಬಡಿದರೆ ಎರಡು ಹೊಡೆತ ದಂಡ ಬೀಳುತ್ತಿತ್ತು. 2019ರಲ್ಲಿ ಆ ದಂಡ ತೆಗೆದರು. ಫ್ರಿಂಜ್‌ನಿಂದ ಬಡಿದರೆ ಮೊದಲೂ ದಂಡ ಇರಲಿಲ್ಲ. ನನ್ನ ಆಟ ಇನ್ನೂ ಹಳೆಯ ಪದ್ಧತಿಯಲ್ಲೇ ಇದೆ. ಚೆಂಡು ಗ್ರೀನ್ ಮೇಲಿದ್ದರೆ ಪಿನ್ ತೆಗೆದುಬಿಡುತ್ತದೆ, ಹೊರಗಿದ್ದರೆ ಹಾಗೇ ಬಿಡುತ್ತದೆ. ಹೋಲ್‌ನ ಅಗಲ ನಾಲ್ಕೂಕಾಲು ಇಂಚು. ಸ್ವಲ್ಪ ಜೋರಾಗಿ ಬಂದ ಚೆಂಡು ಖಾಲಿ ಹೋಲ್‌ನ ತುಟಿ ಸವರಿ ಆಚೆ ಹೋಗುತ್ತದೆ. ಪಿನ್ ಇದ್ದರೆ ಅದಕ್ಕೆ ನೇರ ಬಡಿದು ಒಳಗೆ ಬೀಳುವ ಅವಕಾಶ ಇರುತ್ತದೆ. ನನ್ನ ಪ್ರಕಾರ ಮೂವತ್ತಡಿ ಗ್ರೀನ್ ಪಟ್‌ಗಿಂತ ಮೂವತ್ತಡಿ ಫ್ರಿಂಜ್ ಪಟ್ ಒಳ್ಳೆಯದು. ಇದಕ್ಕೆ ಜಗಳ ಆಡುವವರಿದ್ದಾರೆ, ಆಡಲಿ. ಇನ್ನೊಂದು ಚಿಲ್ಲರೆ ಲಾಭವೂ ಉಂಟು. ಅಮೆರಿಕದ ವೃತ್ತಿಪರರ ಪಿಜಿಎ ಟೂರ್ ಅಂಕಿಅಂಶದಲ್ಲಿ ಫ್ರಿಂಜ್‌ನಿಂದ ಪಟರ್‌ನಲ್ಲಿ ಹೊಡೆದದ್ದು ಪಟ್ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಆಟದಲ್ಲೂ ಹಾಗೇ. ಸರಾಸರಿ ಪಟ್ ಕಡಿಮೆ ಕಾಣುತ್ತದೆ, ಎದುರಾಳಿ ಹೆದರುತ್ತಾನೆ.

ರೈಲಿನಲ್ಲಿ ಆಡುವವರಿಗೆ ಪಟರ್ ಇನ್ನೂ ಒಂದು ಕಾರಣಕ್ಕೆ ಒಳ್ಳೆಯದು. ನನ್ನದು ಮೂರು ತಟ್ಟಿನ ಮೀಟರ್: ಒಂದು ಶುರುವಿಗೆ, ಒಂದು ಪವರ್‌ಗೆ, ಒಂದು ನೇರಕ್ಕೆ. ಮಾಲೂರು ದಾಟಿ ಬೋಗಿ ಒಮ್ಮೆ ಕುಲುಕಿದರೆ ಮೂರನೇ ತಟ್ಟು ತಪ್ಪುತ್ತದೆ. ವೆಜ್ ಆಗಿದ್ದರೆ ದೂರವೂ ಕೆಡುತ್ತದೆ, ದಿಕ್ಕೂ ಕೆಡುತ್ತದೆ. ಪಟರ್‌ನಲ್ಲಿ ಅದೇ ತಪ್ಪಿಗೆ ಚೆಂಡು ಸ್ವಲ್ಪ ಪಕ್ಕಕ್ಕೆ ಹೋಗಿ ಮೂರಡಿಯಲ್ಲಿ ನಿಲ್ಲುತ್ತದೆ. ನಾನು ಬ್ಯಾಗನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಫೋನ್ ಮಲಗಿಸಿ, ಹೆಬ್ಬೆರಳಲ್ಲಿ ತಟ್ಟುತ್ತೇನೆ. ಆದಷ್ಟೂ ಸ್ಟೇಷನ್‌ನಲ್ಲಿ ಗಾಡಿ ನಿಂತಾಗ ಹೊಡೆಯುತ್ತೇನೆ. ಲೆಕ್ಕವೆಲ್ಲ ಎದುರಾಳಿಯ ಸರದಿಯಲ್ಲೇ ಮುಗಿಸಿಟ್ಟಿರಬೇಕು, ನಮ್ಮ ಸರದಿಗೆ ಗಡಿಯಾರ ಓಡುತ್ತಿರುತ್ತದೆ.

ಪಕ್ಕದ ಸೀಟಿನ ಹಿರಿಯರೊಬ್ಬರು ಟ್ಯಾಕಲ್ ಸ್ಟೇಷನ್‌ನಿಂದ ನೋಡ್ತಾನೇ ಇದ್ದವರು ಕೇಳಿದರು, "ಏನಪ್ಪಾ, ಚೆಂಡು ಅಲ್ಲೇ ನಿಂತಿದೆ, ಹೊಡೆಯಲ್ವಾ?"

"ಲೆಕ್ಕ ಹಾಕ್ತಿದ್ದೀನಿ ಅಂಕಲ್."

"ಹೊಡೆಯೋದು ಕೋಲಲ್ಲಿ, ಲೆಕ್ಕ ಯಾತಕ್ಕೆ?" ಅಂದರು. ಆದರೂ ಚೆಂಡು ಉರುಳಿ ನಿಲ್ಲುವ ತನಕ ಕಣ್ಣು ತೆಗೆಯಲಿಲ್ಲ.

ಎಲ್ಲ ಕಡೆ ಪಟರ್ ಅಂತ ನಾನು ಹೇಳುವುದಿಲ್ಲ. ಚೆಂಡು ರಫ್‌ಗೆ, ಅಂದರೆ ಆಚೆಯ ಉದ್ದ ಹುಲ್ಲಿಗೆ, ಒರಗಿ ನಿಂತಿದ್ದರೆ ಬೇಡ. ಫ್ರಿಂಜ್ ಹದಿನೈದು ಅಡಿಗಿಂತ ಜಾಸ್ತಿ, ಗ್ರೀನ್ ಸ್ವಲ್ಪವೇ ಇದ್ದರೂ ಬೇಡ. ಆಗ ಫ್ರಿಂಜ್ ಲೆಕ್ಕದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಆದರೂ ಚೆಂಡು ಎಲ್ಲೋ ನಿಲ್ಲುತ್ತದೆ. ಮಧ್ಯೆ ದಿಬ್ಬ ಇದ್ದರೆ ವೆಜ್ಜೇ.

ನನ್ನ ಒಂದೂವರೆಯನ್ನು ಹಾಗೇ ಎತ್ತಿಕೊಳ್ಳಬೇಡಿ, ಆಟದಿಂದ ಆಟಕ್ಕೆ ಇದು ಬೇರೆ. ಒಬ್ಬರೇ ಆಡುವ ಅಭ್ಯಾಸದ ಸುತ್ತಿನಲ್ಲಿ ಸಮತಟ್ಟಾದ ಜಾಗ ಹುಡುಕಿ, ಮುಂದೆ 4 ಅಡಿ ಫ್ರಿಂಜ್ ಇರುವ ಹಾಗೆ ಚೆಂಡು ಸಿಕ್ಕಾಗ 20 ಅಡಿಯ ಪವರ್‌ನಲ್ಲಿ ಹೊಡೆಯಿರಿ. ಒಟ್ಟು 18 ಅಡಿ ಹೋಗಿ ನಿಂತರೆ ಗ್ರೀನ್ ಮೇಲೆ ಉರುಳಿದ್ದು 14. ಉಳಿದ 6 ಅಡಿ ಪವರ್ ಆ 4 ಅಡಿ ಫ್ರಿಂಜ್ ತಿಂದಿದೆ, ಅಲ್ಲಿಗೆ ಒಂದೂವರೆ. 16 ಅಡಿಗೇ ನಿಂತರೆ ನಿಮ್ಮ ಆಟದ ಫ್ರಿಂಜ್ ಎರಡು. ಬೇರೆ ಕೋರ್ಸ್‌ಗೆ ಹೋದಾಗ ಇನ್ನೊಮ್ಮೆ ಅಳೆಯಿರಿ.